ದೇಶ ಸುತ್ತು, ಕೋಶ ನೋಡು

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಸುತ್ತುವುದಕ್ಕೆ ಹಣ ಎಲ್ಲಿಂದ ತರಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲವೆಂದು ಕೆಲವರ ದೂರು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ದೂರು ನ್ಯಾಯವಾಗಿ ಕಾಣುವುದಿಲ್ಲ. ಕೋಶವೆಂದರೆ ನಿಘಂಟು ಹೌದು, ಗ್ರಂಥವೂ ಹೌದು. ಅದಕ್ಕೆ ಬೊಕ್ಕಸವೆಂಬ ಅರ್ಥವೂ ಉಂಟು. ಸುತ್ತು ಎಂದ ಬಾಯಲ್ಲೇ ‘ಮೊದಲು ನಿನ್ನ ಬೊಕ್ಕಸವನ್ನು ಓದಿಕೊ’ ಎಂದು ಅವರು ಗುಟ್ಟಾಗಿ ಎಚ್ಚರಿಸಿರಬಾರದೇಕೆ? ಪಂಡಿತರು ಈ ವ್ಯಾಖ್ಯಾನವನ್ನು ಒಪ್ಪಲಾರರು. ಆದರೆ ತಿಂಗಳ ಸಂಬಳದಲ್ಲಿ ಐದು ಜನರ ಸಂಸಾರ ತೂಗಿಸುವವರು ಒಪ್ಪಿಯಾರೆಂಬ ಧೈರ್ಯ ನನಗಿದೆ.

ಕನ್ನಡದಲ್ಲಿ ಪ್ರವಾಸ ಗ್ರಂಥಗಳಿಗೆ ಬರವಿಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವನ್ನೆಲ್ಲ ತರಗತಿಯಲ್ಲಿ ಹೆಸರಿಸುತ್ತಲೇ ಬಂದಿದ್ದೇನೆ. ಓದುವಾಗಲೆಲ್ಲ ನನಗೊಂದು ಕೀಳು ಕುತೂಹಲ: ಇವರಿಗೆ ಒಟ್ಟು ಖರ್ಚು ಎಷ್ಟಾಗಿರಬಹುದು? ಊಟಕ್ಕೆಷ್ಟು, ಕೋಣೆಗೆಷ್ಟು, ಮನೆಯವರಿಗೆ ಎಷ್ಟು ಬಿಟ್ಟು ಹೋದರು? ಈ ಕುತೂಹಲಕ್ಕೆ ನಾಚಬೇಕಾಗಿಲ್ಲವೆಂದು ನನಗೆ ಸಮಾಧಾನ ಕೊಟ್ಟವರು ನಮ್ಮ ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ ಹುಟ್ಟಿದ ವಿ. ಸೀತಾರಾಮಯ್ಯನವರು. ‘ಪಂಪಾಯಾತ್ರೆ’ ಬರೆದ ಕೈಯೇ ‘ಹಣ ಪ್ರಪಂಚ’ವನ್ನೂ ಬರೆಯಿತು. ಯಾತ್ರೆಯೂ ಹಣವೂ ಒಂದೇ ಲೇಖನಿಯಲ್ಲಿ ಕೂಡಿ ಬಾಳಿದ ಮೇಲೆ ನನ್ನ ಲೆಕ್ಕದ ಪುಸ್ತಕವನ್ನು ವಾಚಕರ ಮುಂದೆ ಬಿಚ್ಚುವುದಕ್ಕೆ ಸಂಕೋಚವೇಕೆ?

ನಮ್ಮ ಕಡೆಯವರಿಗೆ ವಿಮಾನ ಹೊಸದಲ್ಲ. ದೇವನಹಳ್ಳಿ ಎಂದರೆ ಮೊದಲು ಕೋಟೆ, ಟಿಪ್ಪು ಹುಟ್ಟಿದ ಜಾಗ, ಚಕ್ಕೋತದ ಹಣ್ಣು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಹೊರಗಿನವರ ಬಾಯಲ್ಲಿ ಊರಿನ ಹೆಸರೇ ವಿಮಾನದ ಹೆಸರಾಗಿಬಿಟ್ಟಿತು. ಸುಮಾರು 4,000 ಎಕರೆ ನೆಲ ಅದರ ಪಾಲಾಯಿತು. ಆ ನೆಲದಲ್ಲಿ ರಾಗಿ ಬಿತ್ತುತ್ತಿದ್ದವರು, ದ್ರಾಕ್ಷಿಯ ಚಪ್ಪರ ಹಾಕಿದ್ದವರು ಈಗ ಅದರ ಸುತ್ತಮುತ್ತ ಮನೆ ಕಟ್ಟಿಕೊಂಡು ಇದ್ದಾರೆ. ಗಡಿಯಾರ ನೋಡದೆ, ತಲೆಯ ಮೇಲೆ ಹೋದ ವಿಮಾನದ ಸದ್ದಿನಿಂದಲೇ ಹೊತ್ತು ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅವರಲ್ಲಿ ಎಷ್ಟು ಜನ ಅದರೊಳಗೆ ಕಾಲಿಟ್ಟಿದ್ದಾರೆ ಎಂದು ಮಾತ್ರ ಕೇಳಬಾರದು. ಮದುವೆಮನೆಯ ಬೀದಿಯಲ್ಲಿ ನಿಂತು ಓಲಗ ಕೇಳಿದಷ್ಟೇ ಅವರ ನಂಟು.

ನಮ್ಮ ಅಮ್ಮನೂ ಹಾಗೆ ಬೀದಿಯಲ್ಲಿ ನಿಂತವಳೇ. ಅವಳ ತವರಿನ ಕಡೆಯಿಂದ ಬಂದಿದ್ದ ಮೂರು ಎಕರೆ ರಾಗಿ ಹೊಲ ಆ ನಾಲ್ಕು ಸಾವಿರದೊಳಗೆ ಸೇರಿಹೋಯಿತು. ಬಂದ ಪರಿಹಾರದಲ್ಲಿ ನನ್ನ ತಂಗಿಯ ಮದುವೆಯಾಯಿತು, ಈಗ ನಾವಿರುವ ಮನೆಯಾಯಿತು. ಹೊಲದ ಮಾತನ್ನು ಅವಳು ಹೆಚ್ಚಾಗಿ ಆಡುವುದಿಲ್ಲ. ಸಂಜೆ ತಾರಸಿಯ ಮೇಲೆ ಬಟ್ಟೆ ಎತ್ತಲು ಹೋದವಳು ಇಳಿಯುವ ವಿಮಾನವನ್ನು ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಅಷ್ಟೆ.

ಇಂಥ ಮನೆಯಲ್ಲಿ ಪರದೇಶದ ಮಾತನ್ನು ತೆಗೆದವರು ಮಕ್ಕಳು. ಆರನೆಯ ತರಗತಿಯ ಮಗ, ಪಿಯುಸಿಗೆ ಸೇರಲಿದ್ದ ಮಗಳು ಇಬ್ಬರೂ ಕೂಡಿ ನಡೆಸಿದ ಚಳವಳಿಗೆ ನನ್ನ ಹೆಂಡತಿ ಮೊದಲು ತಟಸ್ಥಳಾಗಿದ್ದು ಆಮೇಲೆ ಅವರ ಪಕ್ಷ ಸೇರಿದಳು. ಸೇರುವಾಗ ಒಂದು ಷರತ್ತು ಹಾಕಿದಳು: ಸಾಲ ಮಾಡಕೂಡದು, ಒಡವೆ ಮುಟ್ಟಕೂಡದು, ಮಕ್ಕಳ ಫೀಸಿನ ಗಂಟಿಗೆ ಕೈ ಹಾಕಕೂಡದು. ಇನ್ನುಳಿದುದು ಚೀಟಿ. 2023ರ ಜುಲೈಯಲ್ಲಿ ಎರಡು ಲಕ್ಷದ ಚೀಟಿಗೆ ಸೇರಿದೆವು. ಇಪ್ಪತ್ತು ಜನ, ತಿಂಗಳಿಗೆ ಹತ್ತು ಸಾವಿರ, ಇಪ್ಪತ್ತು ತಿಂಗಳು. ಕಷ್ಟವಿದ್ದವರು ಮೊದಲೇ ಕೂಗಿ ಎತ್ತಿಕೊಂಡರು. ನಾವು ಕೂಗದೆ ಕಾದು 2025ರ ಫೆಬ್ರವರಿಯಲ್ಲಿ ಕಡೆಯ ಚೀಟಿ ಎತ್ತಿದೆವು. ಕಮಿಷನ್ ಕಳೆದು ಕೈಗೆ ಬಂದುದು 1,95,000 ರೂಪಾಯಿ. ಇದೇ ನಮ್ಮ ಕೋಶ. ಇದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಹಣ ಕೂಡುವುದರೊಳಗೆ ದೇಶವನ್ನು ಆರಿಸಬೇಕಾಯಿತು. ಮೊದಲು ಒಂದು ಪ್ರವಾಸ ಕಂಪನಿಯವರನ್ನು ವಿಚಾರಿಸಿದೆ. ಬಣ್ಣದ ಹೊತ್ತಗೆ ಕೊಟ್ಟರು. ಮಲೇಶಿಯಕ್ಕೆ ನಾಲ್ಕು ರಾತ್ರಿ ಐದು ಹಗಲು, ತಲೆಗೆ 58,000, ಐವರಿಗೆ 2,90,000. ಎಲ್ಲವೂ ಅದರಲ್ಲಿ ಸೇರಿತ್ತು: ಎಷ್ಟು ಗಂಟೆಗೆ ಏಳಬೇಕು, ಯಾವ ಅಂಗಡಿಯ ಮುಂದೆ ಇಳಿಯಬೇಕು, ಎಷ್ಟು ನಿಮಿಷ ಬೆರಗಾಗಬೇಕು. ಇದು ತಪ್ಪೆಂದು ನಾನು ಹೇಳುವುದಿಲ್ಲ. ಅಡಿಗೆ ಮಾಡಲು ಬಿಡುವಿಲ್ಲದವರು ಊಟ ತರಿಸಿಕೊಳ್ಳುತ್ತಾರೆ, ಅದಕ್ಕೆ ತಕ್ಕ ಬೆಲೆ ಕೊಡುತ್ತಾರೆ. ನಮ್ಮಲ್ಲಿ ಬಿಡುವು ಇತ್ತು, ಬೆಲೆ ಇರಲಿಲ್ಲ. ಆದುದರಿಂದ ಒಲೆ ಹಚ್ಚುವುದೆಂದು ತೀರ್ಮಾನಿಸಿದೆವು.

ದೇಶ ಮಾತ್ರ ಅದೇ ಇರಲೆಂದೆವು. ಕಾರಣಗಳು ಸರಳ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನಾಲ್ಕು ಗಂಟೆಯ ಹಾರಾಟ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುವುದಕ್ಕಿಂತ ಬೇಗ. 2023ರ ಡಿಸೆಂಬರ್ 1ರಿಂದ ಭಾರತೀಯರು 30 ದಿನಗಳವರೆಗೆ ವೀಸಾ ಇಲ್ಲದೆ ಅಲ್ಲಿಗೆ ಹೋಗಿಬರಬಹುದು. ಹೊರಡುವ ಮೂರು ದಿನಗಳೊಳಗೆ ಆಗಮನದ ಒಂದು ಪತ್ರವನ್ನು ಅಂತರಜಾಲದಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಐದು ಜನರ ವೀಸಾ ಶುಲ್ಕ ಉಳಿಯಿತೆಂದರೆ ಅದೇ ಒಂದು ದಿನದ ಊಟ. ಇಂಥ ನಿಯಮಗಳು ಋತುವಿನಂತೆ ಬದಲಾಗುತ್ತವೆ; ಹೊರಡುವವರು ತಾವೇ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಕ್ಷೇಮ.

2024ರಲ್ಲಿ ಪಾಸ್‌ಪೋರ್ಟಿನ ಕೆಲಸ ಮುಗಿಸಿದೆವು. ದೊಡ್ಡವರಿಗೆ 1,500 ರೂಪಾಯಿ, ಹತ್ತು ವರ್ಷದ ಆಯಸ್ಸು. ಹದಿನೈದು ದಾಟಿದ ಮಗಳಿಗೂ ಹತ್ತು ವರ್ಷದ್ದನ್ನೇ ಮಾಡಿಸಿದೆವು. ಮಗನಿಗೆ ಐದು ವರ್ಷದ್ದು, 1,000. ಹಿರಿಯರಿಗೆ ನೂರಕ್ಕೆ ಹತ್ತರಂತೆ ಸೋಡಿ ಉಂಟು, ಆದುದರಿಂದ ಅಮ್ಮನದು 1,350. ಎಲ್ಲ ಕೂಡಿ 6,850. ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದಲ್ಲಿ ಅಮ್ಮನ ಜನ್ಮದಿನ ಜನವರಿ 1 ಎಂದು ಗಟ್ಟಿಯಾಗಿ ಓದಿದಾಗ ಅವಳು ನನ್ನ ಮುಖ ನೋಡಿದಳು. ‘ನಾನು ಹುಟ್ಟಿದ್ದು ಹುರುಳಿ ಕೀಳೋ ಕಾಲದಾಗೆ ಅಂತ ನಮ್ಮವ್ವ ಅಂತಿದ್ಲು’ ಎಂದಳು. ಆಧಾರ್ ಬಂದ ದಿನ ನಮ್ಮ ಊರಿನ ಅರ್ಧ ಜನ ಒಟ್ಟಿಗೆ ಜನವರಿ 1ರಂದು ಹುಟ್ಟಿದರು. ಹುರುಳಿಯ ಕಾಲವನ್ನು ಬರೆಯುವುದಕ್ಕೆ ಅರ್ಜಿಯಲ್ಲಿ ಮನೆಯಿಲ್ಲ.

ಅಮ್ಮ ಪಾಸ್‌ಪೋರ್ಟಿಗೆ ಒಪ್ಪಿದಳೇ ಹೊರತು ಪ್ರಯಾಣಕ್ಕೆ ಒಪ್ಪಿರಲಿಲ್ಲ. ಆಧಾರ್, ರೇಷನ್ ಕಾರ್ಡುಗಳ ಜೊತೆಗೆ ಇದೂ ಒಂದು ಸರ್ಕಾರದ ಕಾಗದ ಇರಲಿ ಎಂಬುದು ಅವಳ ಭಾವ. ‘ತಾರಸಿ ಸೋರ್ತಾ ಐತೆ. ಮಳೆಗಾಲದಾಗೆ ಅಡಿಗೆಮನೆಗೆ ಪಾತ್ರೆ ಇಡ್ತೀವಿ. ಆ ದುಡ್ಡಾಗೆ ಅದನ್ನ ಮುಚ್ಚಿಸ್ಬಾರ್ದಾ ಮಗಾ? ದೇಸ ಎಲ್ಲಿಗೂ ಓಡೋಗಲ್ಲ’ ಎನ್ನುತ್ತಿದ್ದಳು. ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ದೇಶ ಓಡಿಹೋಗುವುದಿಲ್ಲ, ನಿಜ. ಮಕ್ಕಳು ನಮ್ಮೊಡನೆ ಹೊರಡಲು ಬಯಸುವ ವಯಸ್ಸು ಓಡಿಹೋಗುತ್ತದೆ. ಅಮ್ಮನ ಮೊಣಕಾಲು ಅದಕ್ಕಿಂತ ಬೇಗ ಓಡುತ್ತಿತ್ತು. ಆದರೆ ಈ ಮಾತನ್ನು ಎಪ್ಪತ್ತಮೂರು ವರ್ಷದ ತಾಯಿಗೆ ಯಾವ ಬಾಯಲ್ಲಿ ಹೇಳುವುದು?

ಇನ್ನು ಲೆಕ್ಕದ ಪುಸ್ತಕ. ಇದರ ಅಧ್ಯಕ್ಷತೆಯನ್ನು ನನ್ನ ಹೆಂಡತಿ ವಹಿಸಿದಳು. ಅವಳು ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಗಳು. ಒಂದು ಸೀರೆಗೆ ನೂಲೆಷ್ಟು, ಬಣ್ಣವೆಷ್ಟು, ಕೂಲಿಯೆಷ್ಟು, ಕರೆಂಟು ಎಷ್ಟು ಎಂದು ಊಟಕ್ಕೆ ಕುಳಿತಾಗಲೂ ಮಾತಾಡುತ್ತಿದ್ದ ಮನೆ ಅದು. ನಾನು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದಿದ್ದೆ: ಅನಿವಾರ್ಯ, ಅವಶ್ಯ, ಆಸೆ. ಅವಳು ನಾಲ್ಕನೆಯದನ್ನು ಎಳೆದು ‘ಆಪತ್ತು’ ಎಂದು ಬರೆದಳು. ‘ನೂಲು ಮಿಕ್ಕರೆ ಇನ್ನೊಂದಕ್ಕೆ ಆಗುತ್ತದೆ, ಸೆರಗಿನಲ್ಲಿ ಸಾಲದೆ ಹೋದರೆ ಇಡೀ ಸೀರೆ ಹೋಗುತ್ತದೆ’ ಎಂಬುದು ಅವಳ ನ್ಯಾಯ. ಆಪತ್ತಿಗೆ 15,000 ಇಟ್ಟಳು. ಆಮೇಲೆ ಅದನ್ನು ಯಾರೂ ಮುಟ್ಟಲು ಬಿಡಲಿಲ್ಲ.

ವಿಮಾನದ ದರದಲ್ಲಿ ನಮಗೆ ಮೊದಲನೆಯ ಪಾಠವಾಯಿತು. ಅಂಗಡಿಯ ಮುಂದೆ ತೂಗುಹಾಕಿದ ಸೀರೆಗೆ ಒಂದು ಬೆಲೆ, ಗಂಟು ಕಟ್ಟುವಾಗ ಇನ್ನೊಂದು. ಅಗ್ಗದ ಟಿಕೆಟ್ಟಿನಲ್ಲಿ ಕೈಚೀಲ ಏಳು ಕಿಲೋ ಮಾತ್ರ. ಪೆಟ್ಟಿಗೆಗೆ ಬೇರೆ, ಊಟಕ್ಕೆ ಬೇರೆ, ಬೇಕಾದ ಕಡೆ ಕೂರುವುದಕ್ಕೆ ಬೇರೆ. ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ಯಾವುದು ಅಗ್ಗವೆಂದು ಹೇಳಬಹುದು. ಐವರಿಗೆ ಎರಡೇ ಪೆಟ್ಟಿಗೆ ಎಂದು ಗೊತ್ತುಮಾಡಿ ತಲೆಗೆ 19,500ರಂತೆ 97,500 ಬರೆದೆವು. ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುವ ನೆಂಟರಿಂದ ಗೂಡು ತೂಗುವ ತಕ್ಕಡಿ ತಂದು ಮನೆಯಲ್ಲೇ ಚೀಲಗಳನ್ನು ತೂಗಿದೆವು. ನಿಲ್ದಾಣದಲ್ಲಿ ಕಟ್ಟುವ ಹೆಚ್ಚಿನ ತೂಕದ ದಂಡಕ್ಕಿಂತ ನೆಂಟರ ತಕ್ಕಡಿ ಮೇಲು.

ಆರು ರಾತ್ರಿಗೆ ಎರಡು ಕೋಣೆ, ಕೋಣೆಗೆ 2,800ರಂತೆ 33,600. ಮಲೇಶಿಯದಲ್ಲಿ ಹೊರದೇಶದವರು ಒಂದು ಕೋಣೆಗೆ ಒಂದು ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೊಡಬೇಕು. ಕೋಣೆ ಕಾಯ್ದಿರಿಸುವಾಗ ಕಾಣಿಸದೆ ಬಾಗಿಲಲ್ಲಿ ಕಾಣಿಸಿಕೊಳ್ಳುವ ಖರ್ಚು ಇದು. ಆಗ ರಿಂಗಿಟ್ಟಿಗೆ ಸುಮಾರು 19 ರೂಪಾಯಿ. ಆ ಬಾಬ್ತು 2,280. ಒಳಗಿನ ಓಡಾಟಕ್ಕೆ 20,000. ಊಟಕ್ಕೆ ತಲೆಗೆ ದಿನಕ್ಕೆ 700ರಂತೆ ಏಳು ದಿನಕ್ಕೆ 24,500. ವಿಮೆ 4,500, ಅದರಲ್ಲಿ ಅರ್ಧಕ್ಕೂ ಹೆಚ್ಚು, 2,300, ಅಮ್ಮನೊಬ್ಬಳದೇ. ನೋಡುವ ಜಾಗಗಳ ಪ್ರವೇಶಕ್ಕೆ 12,000. ಫೋನು, ಕಾರ್ಡಿನಲ್ಲಿ ಹಣ ಕೊಟ್ಟರೆ ಬ್ಯಾಂಕು ನೂರಕ್ಕೆ ಮೂರು ಮೂರೂವರೆಯಂತೆ ಮುರಿದುಕೊಳ್ಳುವುದು, ಇತ್ಯಾದಿಗೆ 2,500. ಮೊದಲೇ ತೆತ್ತ ಪಾಸ್‌ಪೋರ್ಟಿನ ಹಣವನ್ನೂ ಆಪತ್ತಿನ ಗಂಟನ್ನೂ ಸೇರಿಸಿ ಮಗಳು ಕೂಡಿದಳು: 2,18,730.

ಕೋಶದಲ್ಲಿ 1,95,000. ಕೊರತೆ 23,730.

ಆ ಸಂಜೆ ಯಾರೂ ಮಾತಾಡಲಿಲ್ಲ. ಐದನೆಯವಳಾದ ಅಮ್ಮನೇ ಒಳಗಿನಿಂದ ಬಂದು, ‘ನನ್ನ ಪಾಲಿಂದು ಎಷ್ಟಾಗ್ತೈತೆ?’ ಎಂದು ಕೇಳಿದಳು. ಮಗ ಸತ್ಯಸಂಧ, ಪುಸ್ತಕ ನೋಡಿಕೊಂಡು ಹೇಳಿಬಿಟ್ಟ: ವಿಮಾನ 19,500, ಪಾಸ್‌ಪೋರ್ಟು 1,350, ವಿಮೆ 2,300, ಊಟ 4,900, ಒಟ್ಟು 28,050. ‘ನೋಡಿದ್ಯಾ? ನನ್ನ ತೆಗೆದ್ರೆ ಎಲ್ಲಾ ಸರಿಹೋಗ್ತೈತೆ. ಮೇಲೆ ನಾಲ್ಕು ಸಾವಿರ ಉಳೀತೈತೆ’ ಎಂದು ಅಮ್ಮ ನಕ್ಕಳು. ಅವಳು ಕೊಂಕು ಆಡಲಿಲ್ಲ. ಸಂತೆಯಲ್ಲಿ ಲೆಕ್ಕ ಚುಕ್ತಾ ಆದಾಗ ನಗುವ ನಗುವೇ ಅದು. ಜೀವನವೆಲ್ಲ ತನ್ನ ಪಾಲನ್ನು ತೆಗೆದು ಲೆಕ್ಕ ಸರಿಮಾಡಿದವಳಿಗೆ ಇದು ಹೊಸದಾಗಿರಲಿಲ್ಲ.

ಅಂಕಗಣಿತಕ್ಕೆ ಕರುಣೆಯಿಲ್ಲವೆಂದು ಹೇಳುತ್ತಾರೆ. ಅದಕ್ಕೆ ದ್ವೇಷವೂ ಇಲ್ಲ. ಇಪ್ಪತ್ತಮೂರು ಸಾವಿರವನ್ನು ಒಂದೇ ಕಡೆಯಿಂದ ತೆಗೆಯಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಸುಲಭವೆಂದು ನಾವೇ ಒಂದು ಗೀಟು ಎಳೆಯಹೊರಡುತ್ತೇವೆ. ಮಗಳು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ‘ಆಸೆಯ ಅಂಕಣದಿಂದ ಶುರುಮಾಡೋಣ, ಅಪ್ಪ’ ಎಂದಳು. ಅಜ್ಜಿ ಆ ಅಂಕಣದಲ್ಲಿ ಏನನ್ನೂ ಬರೆಸಿರಲಿಲ್ಲ. ಉಳಿದ ನಾಲ್ವರೇ ಅದನ್ನು ತುಂಬಿದ್ದೆವು, ಕಳೆಯಬೇಕಾದವರೂ ನಾವೇ.

ಮಗಳು ಪೆಟ್ರೋನಾಸ್ ಅವಳಿ ಗೋಪುರದ ಮೇಲೇರುವ ಟಿಕೆಟ್ಟನ್ನು ಬಿಟ್ಟಳು. 452 ಮೀಟರ್ ಎತ್ತರದ ಗೋಪುರವನ್ನು ಕೆಳಗಿನ ಉದ್ಯಾನದಿಂದ ಪುಕ್ಕಟೆಯಾಗಿ ನೋಡಬಹುದೆಂದಳು. ಮಗ ಆಟದ ವನವನ್ನು ಬಿಟ್ಟ. ಬಿಡುವಾಗ ಎರಡು ಸಲ ಅಳಿಸಿ ಎರಡು ಸಲ ಬರೆದ. ಇಬ್ಬರಿಂದ 6,000 ಉಳಿಯಿತು. ನಾನು ಮಲಾಕ್ಕಾ ನೋಡುವ ಆಸೆಯನ್ನು ಬಿಟ್ಟೆ, ಅದರೊಂದಿಗೆ ಒಂದು ರಾತ್ರಿಯೂ ಹೋಯಿತು. ಕೋಣೆ, ತೆರಿಗೆ, ಒಂದು ದಿನದ ಊಟ ಸೇರಿ 9,480. ಪಿನಾಂಗಿಗೆ ಹೋಗುವಾಗ ರೈಲು, ಬರುವಾಗ ಬಸ್ಸು ಎಂದು ಮಾಡಿ 4,000. ಹೆಂಡತಿ ಊಟದ ಬಾಬ್ತಿನಲ್ಲಿ ಕೈಯಾಡಿಸಿದಳು: ಬೆಳಗಿನ ಉಪಾಹಾರಕ್ಕೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಮನೆಯಿಂದ. ಅಲ್ಲಿ 4,500. ಒಟ್ಟು 23,980. ಈಗ ಅಂದಾಜು 1,94,750ಕ್ಕೆ ಇಳಿಯಿತು. ಕೋಶದಲ್ಲಿ 250 ರೂಪಾಯಿ ಮಿಕ್ಕಿತು. ಆ 250ಕ್ಕೆ ಅಮ್ಮನಿಗೆ ಕಿಟಕಿಯ ಪಕ್ಕದ ಸೀಟು ಕಾಯ್ದಿರಿಸಿದೆವು.

ಕಂಪನಿಯ ಹೊತ್ತಗೆ ಕೊಂಡಿದ್ದರೆ ಈ ಸಂಜೆ ನಮ್ಮ ಪಾಲಿಗೆ ಬರುತ್ತಿರಲಿಲ್ಲವೆಂದು ನನಗೆ ಆಗಾಗ ತೋರುತ್ತದೆ. ತಲೆಗೆ ಇಷ್ಟು ಎಂದು ಗೊತ್ತಾದ ಕಡೆ ತಲೆಯೊಂದನ್ನು ಇಳಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಾವೇ ಬರೆದ ಪಟ್ಟಿಯಲ್ಲಿ ರಾತ್ರಿಗಳಿದ್ದವು, ಗೋಪುರಗಳಿದ್ದವು, ಉಪಾಹಾರಗಳಿದ್ದವು. ಬಿಟ್ಟುಕೊಡುವುದಕ್ಕೆ ಬೇಕಾದಷ್ಟು ಇತ್ತು. ಅಮ್ಮ ಮರುದಿನ ತಾರಸಿಯ ಮಾತನ್ನು ಎತ್ತಲಿಲ್ಲ. ಹುರಿಹಿಟ್ಟಿಗೆ ರಾಗಿ ನೆನೆಸಿದಳು. ಒಪ್ಪಿಗೆಯನ್ನು ಅವಳು ಹಾಗೆ ತಿಳಿಸುವುದು.

ಏಪ್ರಿಲ್ ಕೊನೆಯಲ್ಲಿ ಹೊರಟೆವು. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್ಲಿನಿಂದ ಹೊರಡುತ್ತವೆ. ಬಿದಿರು, ಬಳ್ಳಿ, ತೂಗುಗಿಡಗಳಿಂದ ತುಂಬಿದ ಕಟ್ಟಡ. ‘ಇಷ್ಟೊಂದು ನೀರು ಹಾಕೋರು ಯಾರು?’ ಎಂದು ಅಮ್ಮ ಕೇಳಿದಳು. ಟಿಕೆಟ್ಟು ಕೊಳ್ಳುವಾಗಲೇ ಕೇಳಿಕೊಂಡಿದ್ದರಿಂದ ಗಾಲಿಕುರ್ಚಿ ಪುಕ್ಕಟೆಯಾಗಿ ಬಂತು. ಅದನ್ನು ತಳ್ಳುತ್ತಿದ್ದ ಹುಡುಗ ನಮ್ಮ ಕಡೆಯವನೇ. ತಪಾಸಣೆ ಮುಗಿಯುವುದರೊಳಗೆ ಅಮ್ಮ ಅವನ ಊರು, ಮನೆತನ, ಸಂಬಳ, ಮದುವೆಯ ಯೋಚನೆ ಎಲ್ಲವನ್ನೂ ತಿಳಿದುಕೊಂಡಿದ್ದಳು.

ವಿಮಾನ ಏಳುವಾಗ ರಾತ್ರಿ. ಮಕ್ಕಳು ಹೆದರಿಕೆಯಾಗುತ್ತದೆಯೇ ಎಂದು ಅಜ್ಜಿಯ ಕೈ ಹಿಡಿದುಕೊಂಡರು. ಅವಳು ಕಿಟಕಿಗೆ ಹಣೆ ತಾಗಿಸಿ ಕೆಳಗೆ ನೋಡುತ್ತಿದ್ದಳು. ‘ನಮ್ಮ ಹೊಲ ಯಾವ ಕಡೀಕೆ ಬತ್ತೈತೆ?’ ಎಂದು ಕೇಳಿದಳು. ನನಗೆ ದಿಕ್ಕು ತಿಳಿಯಲಿಲ್ಲ. ರೆಕ್ಕೆ ಒಂದು ಕಡೆಗೆ ವಾಲಿತು. ಕೆಳಗೆ ಸಾಲುಸಾಲಾಗಿ ದೀಪ. ಬಹಳ ಹೊತ್ತಿನ ಮೇಲೆ ಅವಳು ಹೇಳಿದಳು: ‘ರಾಗಿ ಹೊಲದಾಗೆ ಎಷ್ಟೊಂದು ದೀಪ ಬೆಳೆದವಪ್ಪ.’ ಆಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಅವಳ ಪ್ರವಾಸ ಆ ಗಳಿಗೆಯಲ್ಲೇ ಮುಗಿದಿತ್ತೋ ಏನೋ. ನಮ್ಮದು ಇನ್ನೂ ಶುರುವಾಗಬೇಕಾಗಿತ್ತು.

ಕಂಡ ಜಾಗಗಳನ್ನು ವರ್ಣಿಸಿ ವಾಚಕರನ್ನು ದಣಿಸುವುದಿಲ್ಲ. ಲೆಕ್ಕಕ್ಕೆ ಸಂಬಂಧಿಸಿದ ನಾಲ್ಕು ಮಾತು ಹೇಳಿದರೆ ಸಾಕು. ಕೌಲಾಲಂಪುರದ ನಿಲ್ದಾಣದಿಂದ ಊರೊಳಕ್ಕೆ ವೇಗದ ರೈಲು 28 ನಿಮಿಷದಲ್ಲಿ ಹೋಗುತ್ತದೆ, ದೊಡ್ಡವರೊಬ್ಬರಿಗೆ 55 ರಿಂಗಿಟ್. ಒಬ್ಬಂಟಿಗೆ ಅದು ಸರಿ. ಐದು ಜನರ ಸಂಸಾರಕ್ಕೆ ಒಂದು ಬಾಡಿಗೆ ಕಾರು ಅದಕ್ಕಿಂತ ಎಷ್ಟೋ ಅಗ್ಗ. ಬಾತು ಗುಹೆಗೆ ಊರಿನಿಂದ ಲೋಕಲ್ ರೈಲು ಉಂಟು, ಕೆಲವೇ ರಿಂಗಿಟ್. ಮುಖ್ಯ ದೇವಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ಅಲ್ಲಿ 140 ಅಡಿ ಎತ್ತರದ ಮುರುಗನ ವಿಗ್ರಹದ ಪಕ್ಕದಲ್ಲಿ 272 ಮೆಟ್ಟಲು. ಅಮ್ಮ ಮೊದಲ ಮೆಟ್ಟಲಿಗೆ ಅರಿಶಿನ ಕುಂಕುಮ ಹಚ್ಚಿ, ‘ಅವನು ಇಷ್ಟೆತ್ತರ ನಿಂತಿರೋದು ಹತ್ತಲಾರದೋರಿಗೆ ಕಾಣ್ಲಿ ಅಂತಾನೆ’ ಎಂದು ನೆರಳಿನಲ್ಲಿ ಕುಳಿತಳು. ಪಿನಾಂಗಿನ ಜಾರ್ಜ್‌ಟೌನು 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು, ದೇವನಹಳ್ಳಿಗೆ ವಿಮಾನ ಬಂದ ವರ್ಷವೇ. ಅಲ್ಲಿ ಬೀದಿಯಲ್ಲಿ ನಡೆಯುವುದೇ ನೋಟ. ಅದಕ್ಕೆ ಯಾರೂ ಚೀಟಿ ಹರಿಯುವುದಿಲ್ಲ. ಬಟರ್‌ವರ್ತಿನಿಂದ ದ್ವೀಪಕ್ಕೆ ಹೋಗುವ ದೋಣಿಗೆ ಚಿಲ್ಲರೆ ಕಾಸು. ಒಟ್ಟಿನಲ್ಲಿ ನಾವು ಬಿಟ್ಟುಕೊಟ್ಟ ಆಸೆಗಳೆಲ್ಲ ಹಣ ಕೇಳಿದವು; ಸಿಕ್ಕಿದ ಸಂತೋಷಗಳು ಬಹುಮಟ್ಟಿಗೆ ಪುಕ್ಕಟೆ.

ನನ್ನ ಪಾಲಿನ ಪುಕ್ಕಟೆ ಸಂತೋಷ ಅಂಗಡಿಯ ಹಲಗೆಗಳು. ಬೆಲೆಗೆ ಮಲಯ ಭಾಷೆಯಲ್ಲಿ ‘ಹರ್ಗಾ’. ಸಂಸ್ಕೃತದ ಅರ್ಘವೇ ಅದು; ಬೆಲೆ ಕಟ್ಟಲಾಗದ್ದಕ್ಕೆ ನಾವು ಅನರ್ಘ್ಯ ಎನ್ನುವುದಿಲ್ಲವೆ, ಆ ಅರ್ಘ. ಖರ್ಚಿಗೆ ‘ಬಿಯಾಯ’ ಎಂಬ ಮಾತುಂಟು, ಅದು ನಮ್ಮ ವ್ಯಯ. ಖಜಾಂಚಿಯನ್ನು ‘ಬೆಂದಹಾರಿ’ ಎನ್ನುತ್ತಾರೆ. ಭಾಂಡಾರ ಅದರೊಳಗೆ ಅಡಗಿ ಕುಳಿತಿದೆ. ಕಡಲು ದಾಟಿದರೂ ಹಣದ ಮಾತು ಬಿಡಲಿಲ್ಲವಲ್ಲ ಎಂದು ನಗು ಬಂತು. ಗಂಡನಿಗೆ ಅಲ್ಲಿ ‘ಸುವಾಮಿ’ ಎನ್ನುತ್ತಾರೆಂದು ತಿಳಿಸಿದಾಗ ನನ್ನ ಹೆಂಡತಿ, ‘ಹೆಸರೇನೋ ಚೆನ್ನಾಗಿದೆ ರೀ; ಬೆಂದಹಾರಿ ಯಾರು ಅನ್ನೋದು ಮರೆಯದಿದ್ದರೆ ಸಾಕು’ ಎಂದಳು.

ಹಿಂದಿರುಗಿ ಬಂದ ಭಾನುವಾರ ಪುಸ್ತಕ ಬಿಚ್ಚಿದೆವು. ಅಮ್ಮನ ಮೊಣಕಾಲಿನಿಂದಾಗಿ ಬಾಡಿಗೆ ಕಾರಿಗೆ ಅಂದಾಜಿಗಿಂತ 6,300 ಹೆಚ್ಚಾಗಿತ್ತು. ಅದೇ ಅಮ್ಮನ ಹುರಿಹಿಟ್ಟು, ಅವಲಕ್ಕಿಗಳಿಂದ ಊಟದಲ್ಲಿ 2,800 ಕಡಿಮೆಯಾಗಿತ್ತು. ಫೋನಿನಲ್ಲಿ 500 ಉಳಿದಿತ್ತು. ನಿವ್ವಳ ಹೆಚ್ಚಳ 3,000. ಆಪತ್ತಿನ ಗಂಟಿನಿಂದ ಅದನ್ನು ತುಂಬಿ, ಉಳಿದ 12,000 ರೂಪಾಯಿಯನ್ನು ನನ್ನ ಹೆಂಡತಿ ಮೇಜಿನ ಮೇಲಿಟ್ಟಳು. ಒಟ್ಟು ಖರ್ಚು 1,83,000. ಮುಂಗಾರಿಗೆ ಮುಂಚೆ ಆ ಹನ್ನೆರಡು ಸಾವಿರದಲ್ಲಿ ಅಡಿಗೆಮನೆಯ ಮೇಲಿನ ತಾರಸಿಯ ಬಿರುಕು ಮುಚ್ಚಿಸಿದೆವು. ಅರ್ಧ ತಾರಸಿಗೆ ಅಷ್ಟು ಸಾಕಾಯಿತು. ಇನ್ನರ್ಧ ಮುಂದಿನ ವರ್ಷದ ಸಂಬಳಕ್ಕೆ ಕಾಯುತ್ತಿದೆ.

ಮಧ್ಯಮ ವರ್ಗದವನು ಪರದೇಶ ಸುತ್ತುವುದು ದುಂದೋ ಅಲ್ಲವೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಚರ್ಚೆ ನಡೆಯುತ್ತದೆ. ಸಾಲ ಮಾಡಿ ಹೋದರೆ ದುಂದೆಂದೇ ನನ್ನ ಮತ. ಹಾಗೆಂದು ಎಲ್ಲ ಬಿರುಕುಗಳೂ ಮುಚ್ಚಿದ ಮೇಲೆ ಹೊರಡುತ್ತೇನೆಂದರೆ ಯಾವ ಮನೆಯಿಂದಲೂ ಯಾರೂ ಹೊರಡಲಾರರು. ಮನೆಯೆಂದ ಮೇಲೆ ಒಂದಲ್ಲ ಒಂದು ಕಡೆ ಸೋರುತ್ತದೆ. ಎಷ್ಟು ಸೋರಿಕೆಯನ್ನು ಎಷ್ಟು ದಿನ ತಾಳಿಕೊಳ್ಳಬಹುದೆಂಬುದನ್ನು ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಗೊತ್ತುಮಾಡಿಕೊಳ್ಳಬೇಕು. ಪುಸ್ತಕ ಎಲ್ಲರಿಗೂ ಕಾಣುವಂತೆ ತೆರೆದಿರಬೇಕು. ಮುಖ್ಯವಾಗಿ, ‘ನನ್ನ ಪಾಲು ತೆಗೆದುಬಿಡಿ’ ಎಂದು ನಗುವವರು ಆ ಮನೆಯಲ್ಲಿ ಯಾರೆಂದು ಗಮನಿಸಿ ಅವರ ಪಾಲನ್ನು ಅನಿವಾರ್ಯದ ಅಂಕಣಕ್ಕೆ ಸೇರಿಸಿಬಿಡಬೇಕು. ಉಳಿದುದು ಕೂಡುವ ಕಳೆಯುವ ಕೆಲಸ. ಆರನೆಯ ತರಗತಿಯ ಹುಡುಗನೂ ಮಾಡಬಲ್ಲ.

ಮೊನ್ನೆ ಬೀರು ಜೋಡಿಸುವಾಗ ಅಮ್ಮ ತನ್ನ ಪಾಸ್‌ಪೋರ್ಟನ್ನು ಕೈಗೆತ್ತಿಕೊಂಡು ಮಲೇಶಿಯದ ಮುದ್ರೆಯನ್ನು ನೋಡುತ್ತಿದ್ದಳು. ಇದು ಎಲ್ಲಿಯವರೆಗೆ ನಡೆಯುತ್ತದೆಂದು ಕೇಳಿದಳು. 2034ರವರೆಗೆ ಎಂದೆ. ಬೆರಳು ಮಡಿಸಿ ಎಣಿಸಿ, ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಸೀರೆಯ ಮಡಿಕೆಯ ಕೆಳಗೆ ಸೇರಿಸಿದಳು.

‘ಹಂಗಾದ್ರೆ ಇನ್ನೊಂದು ಚೀಟಿ ಹಾಕು ಮಗಾ’ ಎಂದಳು.